ಎಂಬತ್ತೆರಡು ಕಿಲೋ

ಅಪ್ಪ,

ಇವತ್ತು ನಮ್ಮ ಸೇನಾ ತುಕಡಿಯ ದೈಹಿಕ ಪರೀಕ್ಷೆ ಮುಗಿಯಿತು. ಗಾಯಾಳುವನ್ನು ಹೆಗಲ ಮೇಲೆ ಹೊತ್ತು ಓಡುವುದರಲ್ಲಿ ಇಪ್ಪತ್ತಾರು ಜನರ ಪೈಕಿ ನಾನು ಮೂರನೆಯವಳು. ಮುಂದಿದ್ದ ಇಬ್ಬರೂ ಗೂಳಿಯಂಥ ಗಂಡಸರು.

ಗಾಯಾಳು ಅಂದರೆ ಮರಳು ತುಂಬಿದ ಗೊಂಬೆ. ನಿಯಮದ ಪ್ರಕಾರ ಎಪ್ಪತ್ತು ಕಿಲೋ. ನಾನು ಇನ್ನೂ ಹನ್ನೆರಡು ಕಿಲೋ ಮರಳು ತುಂಬಿಸಿಕೊಂಡೆ. ನಮ್ಮ ಡ್ರಿಲ್ ಮೇಷ್ಟ್ರು ನಿನ್ನಷ್ಟೇ ಹಠಮಾರಿ. "ಸೈನಿಕರಿಗೆ ಓಟ ಒಂದಿದ್ರೆ ಸಾಕಮ್ಮ, ಕಬ್ಬಿಣ ಎತ್ತೋದೆಲ್ಲ ಶೋಕಿ" ಎಂದು, ನಾನು ಭಾರ ಎತ್ತುವ ಅಭ್ಯಾಸ ಮಾಡಿದ ಎರಡು ವರ್ಷವೂ ಗೊಣಗಿದವರು. ಇವತ್ತೂ "ಸೊಂಟ ಹಿಡ್ಕೊಂಡ್ರೆ ನನ್ನ ಕೇಳ್ಬೇಡ" ಎಂದರು.

ಕುಕ್ಕರಗಾಲಲ್ಲಿ ಕುಳಿತು, ಬೆನ್ನು ನೆಟ್ಟಗೆ ಮಾಡಿ, ಗೊಂಬೆಯನ್ನು ಹೆಗಲಿಗೆ ಹಾಕಿಕೊಂಡು ಒಂದೇ ಉಸಿರಿಗೆ ಎದ್ದೆ. ಆಮೇಲೆ ಕಾಲುಗಳು ತಾವಾಗಿಯೇ ಓಡಿದವು. ಗೆರೆ ದಾಟಿದಾಗ ಮೇಷ್ಟ್ರು ಗಡಿಯಾರವನ್ನು ಎರಡು ಸಲ ನೋಡಿ, ಟೋಪಿ ತೆಗೆದು ತಲೆ ಕೆರೆದುಕೊಂಡರು. "ನಾಳೆಯಿಂದ ನಂಗೂ ಆ ಕಬ್ಬಿಣ ಹೇಳ್ಕೊಡು" ಎಂದರು. ಇಡೀ ಮೈದಾನ ನಕ್ಕಿತು. ನಾನಂತೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಉಳಿದವರು ಗೊಂಬೆಯನ್ನು ದೊಪ್ಪೆಂದು ಎಸೆದಿದ್ದರು. ನಾನು ಅದರ ತಲೆಯ ಕೆಳಗೆ ಕೈಯಿಟ್ಟು ಮೆಲ್ಲಗೆ ಮಲಗಿಸಿದೆ. "ಮರಳಿಗೆ ನೋವಾಗುತ್ತಾ?" ಎಂದು ಗೆಳತಿ ರೇಗಿಸಿದಳು.

ನೀನು ಬಚ್ಚಲಲ್ಲಿ ಬಿದ್ದ ಬೆಳಗ್ಗೆ, ಪಕ್ಕದ ಮನೆಯವರು ಬರುವವರೆಗೂ ನಾನು ನಿನ್ನ ತೋಳು ಹಿಡಿದು ಎಳೆಯುತ್ತಲೇ ಇದ್ದೆ. ಆಮೇಲೆ ಆಸ್ಪತ್ರೆಯ ಚೀಟಿಯಲ್ಲಿ ನಿನ್ನ ತೂಕ ಬರೆದಿದ್ದರು.

ಇವತ್ತು ಎದ್ದು ನಿಲ್ಲಲು ನನಗೆ ಹಿಡಿದದ್ದು ಬರೀ ಎರಡು ಸೆಕೆಂಡು, ಅಪ್ಪ.