ಕತ್ತರಿಸದೆ ಉಳಿಸಿದ ಮೌನ

ಪುಟ್ಟಸ್ವಾಮಯ್ಯ ಮೇಷ್ಟ್ರೇ,

ನನ್ನ ಶಿಕ್ಷಣ ತಂತ್ರಜ್ಞಾನದ ಎಂ.ಎ.ಗೆಂದು ನಿಮ್ಮ ಭಿನ್ನರಾಶಿ ಪಾಠ ರೆಕಾರ್ಡ್ ಮಾಡಿಕೊಂಡಿದ್ದೆನಲ್ಲ, ನೀವು ತೀರಿಹೋದ ಮೇಲೆ ಇವತ್ತೇ ಮೊದಲು ಅದನ್ನು ಮಂಚೇನಹಳ್ಳಿಯ ನನ್ನ ತರಗತಿಯಲ್ಲಿ ಹಾಕಿದೆ. ನಾನೊಬ್ಬಳೇ ಇದ್ದ ಕೋಣೆಯಲ್ಲೂ ಮಕ್ಕಳಿದ್ದಾರೆ ಎಂಬಂತೆ ಪ್ರಶ್ನೆ ಕೇಳಿ ಕಾದಿದ್ದಿರಿ. ಆ ಮೌನವನ್ನೆಲ್ಲ ಕತ್ತರಿಸಿ ಎಂದಿದ್ದರು ನನ್ನ ಗೈಡ್. ನನಗೆ ಮನಸ್ಸಾಗಲಿಲ್ಲ.

ಇವತ್ತು ಮಕ್ಕಳು ಆ ಮೌನದಲ್ಲೇ ಉತ್ತರ ಹೇಳಿದರು. "ಶಭಾಷ್ ಕಣ್ರಪ್ಪ" ಎಂದಿತು ನಿಮ್ಮ ದನಿ. ಯಾರೂ ನಗಲಿಲ್ಲ.

ಕೊನೆಗೆ, "ಅರ್ಥ ಆಯ್ತೇನಮ್ಮ ಹರಿತಾ?" ಎಂದು ಕೇಳಿದಿರಿ. ಅವತ್ತು ಎದುರಿಗೇ ಕೂತಿದ್ದರೂ, ರೆಕಾರ್ಡಿಂಗ್ ಕೆಡುತ್ತದೆಂದು ನಾನು ಹೂಂ ಅಂದಿರಲಿಲ್ಲ. ನೀವು ಕಾಯುತ್ತಲೇ ಇದ್ದಿರಿ.

ಮಕ್ಕಳೆಲ್ಲ ನನ್ನತ್ತ ತಿರುಗಿದರು. ನಾನು ಕುರ್ಚಿಯಿಂದೆದ್ದು ಕೈಕಟ್ಟಿ ನಿಂತೆ, ಮೇಷ್ಟ್ರೇ.