ಹೊಳೆ ದಾಟಿಸುವವರ ಹೆಸರು

ಅಪ್ಪಾ,

ನಮ್ಮ ಹೆಸರಿನ ಬೇರಿರುವ ಊರು ಸಿಕ್ಕಿತು. ರೊಟ್ಟಿಯಂಗಡಿಯಲ್ಲಿ ‘ನಾನು ಪಾಸ್ಸಲಾಕ್ವಾ ಮನೆತನದವಳು’ ಎಂದದ್ದೇ ತಡ, ಅಂಗಡಿಯಾಕೆ ನನ್ನ ಕೈ ಹಿಡಿದು ತನ್ನ ಮುದಿ ತಂದೆ ಗೌದೆಂತ್ಸಿಯೊ ಬಳಿಗೆ ಕರೆದೊಯ್ದಳು.

“ಹೊಳೆ ದಾಟಿಸೋರು ಅಂತ್ಲೇ ನಿಮಗೆ ಆ ಹೆಸರು ಬಂದಿದ್ದು ಕಣಮ್ಮಾ,” ಎಂದ ಮುದುಕ. “ಆಗ ಸೇತುವೆ ಎಲ್ಲಿತ್ತು? ನಿಮ್ಮಜ್ಜ, ಅವರಪ್ಪ, ಎಲ್ರೂ ಜನಾನ ಹೆಗಲ ಮೇಲೆ ಹೊತ್ತು ದಾಟಿಸ್ತಿದ್ರು.”

ತಾಯಿಯಿಲ್ಲದ ನಿನ್ನನ್ನು ಬಿಟ್ಟು ಅಜ್ಜ ಓಡಿಹೋದನೆಂದು ಅನಾಥಾಲಯದಲ್ಲಿ ಹೇಳಿದ್ದರಲ್ಲ, ಅದು ಸುಳ್ಳು ಅಪ್ಪಾ. ಈ ಅಂಗಡಿಯಾಕೆ ಹುಟ್ಟುವ ದಿನ ಸ್ಕ್ರೀವಿಯಾ ಹೊಳೆ ಉಕ್ಕಿತ್ತಂತೆ. ಅಜ್ಜ ಸೂಲಗಿತ್ತಿಯನ್ನು ಹೊತ್ತು ದಡ ಸೇರಿಸಿದ. ಅವಳ ಚೀಲ ತರಲು ಮತ್ತೆ ನೀರಿಗಿಳಿದವನು ತಿರುಗಿ ಬರಲಿಲ್ಲ. ನೀರಿಳಿದ ಮೇಲೆ ಹೆಣ ಸಿಕ್ಕಿತಂತೆ; ಅಷ್ಟರಲ್ಲಿ ನಿನ್ನನ್ನು ಅನಾಥಾಲಯಕ್ಕೆ ಒಯ್ದಿದ್ದರು.

“ಆ ಮಗೂನ ನಾನೇ ಸಾಕ್ತೀನಿ ಅಂದೆ, ಅನಾಥಾಲಯದವ್ರು ಕೊಡ್ಲಿಲ್ಲಮ್ಮಾ,” ಎಂದ ಮುದುಕ. “ಇದ್ದಾನಾ ಅವನು?”

“ಇದ್ದಾರೆ, ಟೂರಿನ್‌ನಲ್ಲಿ,” ಎಂದೆ. ನನ್ನ ಮುಖ ಸವರಿ ಅತ್ತುಬಿಟ್ಟ.

ನನ್ನ ಕೆಮ್ಮು ವಾಸಿಯಾಗಿದೆ. ನೀನಿಲ್ಲದೆ ಆ ದಡದಲ್ಲಿ ಒಬ್ಬಳೇ ನಿಲ್ಲಲು ಆಗಲಿಲ್ಲ. ಮಂಡಿಗೆ ಎಣ್ಣೆ ತಿಕ್ಕಿಕೊಂಡು ರೈಲು ಹತ್ತು. ಪ್ರತಿ ವರ್ಷ ಸತ್ತವರ ಹಬ್ಬಕ್ಕೆ ಅಜ್ಜನ ಗೋರಿಗೆ ಸೇವಂತಿಗೆ ಇಡುತ್ತಿರುವವರು ಈ ಮನೆಯವರೇ. ಈ ಸಲ ನೀನು ಬಂದು ಇಡು ಅಪ್ಪಾ.

ನಿನ್ನ
ನೊಯೆಮಿ