ಸಾಲಿನ ಮೂರನೇ ಕಲ್ಲು

ಬುಧವಾರ, ನಸುಕು

ನನ್ನ ಪುಟ್ಟ ನಕ್ಷೆಗಾರ್ತಿಗೆ,

ಎಬ್ಬಿಸಿ ಹೇಳೋಣವೆಂದು ಮೂರು ಸಲ ಬಂದೆ, ಮೂರು ಸಲವೂ ನಿನ್ನ ಹೊದಿಕೆ ಸರಿಮಾಡಿ ಹೋದೆ. ಬಾಯಿಗೆ ಬಾರದ್ದು ಪೆನ್ನಿಗಾದರೂ ಬರಲಿ.

ನಾಲ್ಕು ದಿನದಿಂದ ಊಟದ ಮೇಜಿನ ಮೇಲೆ ತರಗತಿಗೆಂದು ನೀನು ಬಿಡಿಸುತ್ತಿರುವ ಬಂದರಿನ ನಕ್ಷೆ, ನೆಲದ ಮೇಲೆ ನಾವು. ದೂರಿಲ್ಲ. ಗಾಳಿ ಎತ್ತಲಿಂದ, ಬಿಸಿಲು ಎಷ್ಟು ಹೊತ್ತು, ಲಾರಿ ತಿರುಗುವುದೆಲ್ಲಿ, ಎಲ್ಲ ಅಚ್ಚುಕಟ್ಟು. ಹರಾಜು ಕಟ್ಟೆಯ ಪಕ್ಕದ ಅಂಗಳಕ್ಕೆ ಮಾತ್ರ ‘ಖಾಲಿ ಜಾಗ, ಕಲ್ಲುಗಳನ್ನು ತೆರವುಗೊಳಿಸುವುದು’ ಎಂದು ಬರೆದು, ಅಲ್ಲೊಂದು ಕಾರಂಜಿ ನಿಲ್ಲಿಸಿದ್ದೀಯ. ಸಮುದ್ರದ ಪಕ್ಕ ಕಾರಂಜಿ! ಗುರುವಾರ ಬಂದರಿನ ಅಧಿಕಾರಿಗಳೂ ನೋಡುತ್ತಾರೆ, ಹಿಡಿಸಿದರೆ ಕಟ್ಟಿಯೇ ಬಿಡುತ್ತಾರೆ ಎಂದು ನೀನು ಕುಣಿದೆ. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಶನಿವಾರ ನೀನು ಅಲ್ಲಿಗೆ ಹೋದದ್ದು ಹನ್ನೊಂದಕ್ಕೆ. ನಸುಕಿನ ಐದಕ್ಕೆ ಹೋಗಿದ್ದರೆ ಅಲ್ಲಿ ನೂರಿಪ್ಪತ್ತು ಹೆಂಗಸರು. ಮೀನು ಆಯಲು ಮೇಸ್ತ್ರಿ ಸಾಲಿನ ಮುಂದಿನಿಂದ ಕರೆಯುತ್ತಾನೆ. ದೋಣಿ ಕಡಿಮೆಯಾದರೆ ಹಿಂದಿನವರು ಮನೆಗೆ. ಆ ಕಲ್ಲುಗಳೇ ಸಾಲು ಕಣೇ. ಒಬ್ಬೊಬ್ಬಳಿಗೆ ಒಂದೊಂದು. ಹೆಸರು ಬರೆದಿಲ್ಲ, ಯಾರದ್ದೆಂದು ಎಲ್ಲರಿಗೂ ಗೊತ್ತು. ಕಲ್ಲು ಹೋದರೆ ಜಾಗವೂ ಹೋಯಿತು. ಹೊಸ ಕಲ್ಲು ಕೊನೆಗೆ.

ನನಗೆ ಹೇಗೆ ಗೊತ್ತು? ಬಂದರಿನ ಕಚೇರಿಯಲ್ಲಿ ಗುಮಾಸ್ತೆ ಎಂದು ಹೇಳಿದ್ದು ಸುಳ್ಳು. ಆ ಬಾಗಿಲನ್ನು ಒಮ್ಮೆ ತಟ್ಟಿದ್ದೆ, ಅಷ್ಟೆ. ಸಾಹಿತ್ಯ ಓದಿ, ಪ್ರಾಸ ಕಟ್ಟಿ, ಪದವಿ ಮುಟ್ಟಿ, ಕೊನೆಗೆ ಸಿಕ್ಕಿದ್ದು ಮೀನಿನ ಬುಟ್ಟಿ. ಸಾಲಿನ ಬಾಲದಿಂದ ಸರಿದು ಸರಿದು ಮೂರನೆಯವಳಾಗಲು ಹದಿನಾರು ವರ್ಷ ಹಿಡಿಯಿತು. ಬಟ್ಟೆಯ ಮೀನಿನ ವಾಸನೆಗೆ ಕಚೇರಿ ಕಿಟಕಿಯ ಗಾಳಿ ಕಾರಣ ಎನ್ನುತ್ತಿದ್ದೆ. ನಿನ್ನ ನಕ್ಷೆಯ ಬಾಣ ನೋಡಿದರೆ ಗಾಳಿ ಆ ಕಡೆ ಬೀಸುವುದೇ ಇಲ್ಲ!

ಭಾನುವಾರ ಹೋದರೆ ನನ್ನ ಕಲ್ಲು ಕಾಣೆ. ನನ್ನ ಹಿಂದೆ ನಿಲ್ಲುವ ಅಜ್ಜಿ, ಗಂಡನ ಹಾಗೆ ಕಲ್ಲೂ ಓಡಿಹೋಯ್ತಾ ತಾಯಿ ಅಂತ ನಕ್ಕಳು. ನಾನೂ ನಕ್ಕೆ. ಮೂರು ದಿನವೂ ಬಾಲಕ್ಕೆ ನಿಂತು ಬರಿಗೈಲಿ ಬಂದೆ. ಕಚೇರಿಗೆ ರಜೆ ಎಂದದ್ದು ಅದಕ್ಕೇ.

ಕಾರಂಜಿ ಅಳಿಸು ಅನ್ನಲಾರೆ, ಅಂಕ ನಿನ್ನದು. ಬೆಳಗಿನ ಐದು ಗಂಟೆಯನ್ನೂ ನಕ್ಷೆಯಲ್ಲಿ ಬರಿ, ಅಷ್ಟೆ. ನಂಬಿಕೆ ಬಾರದಿದ್ದರೆ ಬಂದು ನೋಡು. ನಿನ್ನನ್ನು ಕಂಡರೆ ಇನ್ನು ಸೆರಗಿನಿಂದ ಮುಖ ಮುಚ್ಚಿಕೊಳ್ಳುವುದಿಲ್ಲ.

ಸುಳ್ಳು ಹೇಳಿ ಸುಸ್ತಾದ,
ನಿನ್ನ ಅಮ್ಮ

ವಿ.ಸೂ.: ನಕ್ಷೆಯ ಮೂಲೆ ಹಾರದಂತೆ ನೀನು ಅಂಗಳದಿಂದ ತಂದಿಟ್ಟ ಬಿಳಿಗೆರೆಯ ಕಲ್ಲನ್ನು ಒಯ್ಯುತ್ತಿದ್ದೇನೆ. ಅದು ನನ್ನದು; ಒಯ್ದರೆ ಏಕೆಂದು ಕೇಳುವೆಯೆಂದು ಇಷ್ಟು ದಿನ ಮುಟ್ಟಲಿಲ್ಲ. ಸಾಲಿನವರು ಒಪ್ಪುತ್ತಾರೋ ಇಲ್ಲವೋ, ನೋಡಬೇಕು. ಅದರ ಬದಲು ನನ್ನ ಪದವಿ ಪತ್ರವನ್ನು ಚೌಕಟ್ಟಿನ ಸಮೇತ ಹೇರಿದ್ದೇನೆ. ಪಾಪ, ಇಷ್ಟು ವರ್ಷಕ್ಕೆ ಅದಕ್ಕೊಂದು ಕೆಲಸ ಸಿಕ್ಕಿತು.